ಬಿನ್ನವತ್ತಳೆಯಲ್ಲಿ ಕಾಲುಚೀಲಕ್ಕೂ ಒಂದು ಸಾಲು

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಸ್ಕೆಟ್‌ಬಾಲ್ ಕಲಿಸಿದ ಮೇಷ್ಟ್ರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಮಾಡುತ್ತಿದ್ದೇವೆ. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲದ ಹೊಣೆಯನ್ನು ಬೇರೆಯವರು ಹೊತ್ತಿದ್ದಾರೆ. ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಅವರನ್ನು ಹೇಗೆ ಗೌರವಿಸಿದರೆಂದು ತಿಳಿದುಕೊಂಡು ಬರೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅವರಿಂದ ನಮ್ಮ ಕೆಲಸಕ್ಕೆ ಒದಗುವುದೇನಾದರೂ ಇದೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಇದೆ, ಆದರೆ ಅದು ಅವರ ಪ್ರಶಸ್ತಿಗಳ ಪಟ್ಟಿಯಲ್ಲಿ ಇಲ್ಲ. ಪಟ್ಟಿಯನ್ನು ಮೊದಲು ಮುಗಿಸಿಬಿಡೋಣ. 1910ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ವುಡನ್, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಲ್‌ಎ) ತಂಡಕ್ಕೆ 1948ರಿಂದ 1975ರವರೆಗೆ ತರಬೇತಿ ನೀಡಿದರು. ಕೊನೆಯ 12 ವರ್ಷಗಳಲ್ಲಿ ತಂಡ 10 ಬಾರಿ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. ಅದರಲ್ಲಿ 1967ರಿಂದ 1973ರವರೆಗಿನ ಏಳು ಸತತವಾದವು. ಒಮ್ಮೆಯಂತೂ ಒಂದೂ ಸೋಲಿಲ್ಲದೆ 88 ಪಂದ್ಯಗಳನ್ನು ಗೆದ್ದಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಆಟಗಾರರಾಗಿಯೂ ತರಬೇತುದಾರರಾಗಿಯೂ ಸೇರಿದ ಮೊದಲಿಗರು ಅವರೇ. 2003ರಲ್ಲಿ ವುಡನ್ ಅವರಿಗೆ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ರಾಷ್ಟ್ರದ ಅತ್ಯುನ್ನತ ನಾಗರಿಕ ಪದಕವನ್ನು ಪ್ರದಾನ ಮಾಡಿದರು.

ಇಷ್ಟನ್ನು ಓದಿ ಹೇಳಿದರೆ ಸಭೆ ಚಪ್ಪಾಳೆ ತಟ್ಟುತ್ತದೆ, ಆದರೆ ಮನುಷ್ಯ ಕಣ್ಣಿಗೆ ಕಟ್ಟುವುದಿಲ್ಲ. ಯುಸಿಎಲ್‌ಎಗೆ ಬಂದ ಮೇಲೆ ಮೊದಲ ರಾಷ್ಟ್ರೀಯ ಪ್ರಶಸ್ತಿಗಾಗಿ ಅವರು 1964ರವರೆಗೆ, ಅಂದರೆ 16ನೆಯ ಋತುವಿನವರೆಗೆ ಕಾಯಬೇಕಾಯಿತು. ಗಾಳಿಯಾಡದ ಹಳೆಯ ವ್ಯಾಯಾಮಶಾಲೆಯಲ್ಲಿ, ಇತರ ಕ್ರೀಡೆಗಳವರು ಬಳಸಿ ಬಿಟ್ಟ ನೆಲವನ್ನು ಅಭ್ಯಾಸಕ್ಕೆ ಮುಂಚೆ ತಾವೇ ನಿಂತು ಒರೆಸುತ್ತಿದ್ದ ಆ ವರ್ಷಗಳನ್ನು ಬಿಟ್ಟು ಹತ್ತು ಪ್ರಶಸ್ತಿಗಳನ್ನು ಮಾತ್ರ ಹೇಳುವುದು ಅರ್ಧ ಕಥೆ. ನಿಮ್ಮ ಮೇಷ್ಟ್ರ ತಂಡ ಸೋತ ವರ್ಷಗಳನ್ನೂ ಬಿನ್ನವತ್ತಳೆಯಲ್ಲಿ ಬರೆಯಿರಿ. ಅವರಿಗೆ ಅದರಿಂದ ಬೇಸರವಾಗಲಾರದು ಎಂದು ನನಗನ್ನಿಸುತ್ತದೆ.

ಇನ್ನೊಂದು ಪ್ರಸಂಗ ಇದಕ್ಕೂ ಹಿಂದಿನದು. 1947ರಲ್ಲಿ ಅವರು ಇಂಡಿಯಾನಾ ಸ್ಟೇಟ್ ಕಾಲೇಜಿನ ತರಬೇತುದಾರರಾಗಿದ್ದಾಗ ತಂಡಕ್ಕೆ ಕಾನ್ಸಾಸ್ ನಗರದ ರಾಷ್ಟ್ರೀಯ ಪಂದ್ಯಾವಳಿಯ ಆಹ್ವಾನ ಬಂತು. ಕಪ್ಪು ವರ್ಣದ ಆಟಗಾರರಿಗೆ ಅಲ್ಲಿ ಅವಕಾಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ವರ್ಣದ ಹುಡುಗನಿದ್ದ. ಅವನು ಮುಖ್ಯ ಆಟಗಾರನೇನೂ ಆಗಿರಲಿಲ್ಲ, ಅವನನ್ನು ಊರಲ್ಲೇ ಬಿಟ್ಟು ಹೋಗಿದ್ದರೂ ತಂಡದ ಬಲ ಅಷ್ಟೇನೂ ಕುಂದುತ್ತಿರಲಿಲ್ಲ. ವುಡನ್ ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ಆ ನಿಯಮ ಬಿದ್ದುಹೋಯಿತು, ವಾಕರ್ ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ತಂಡ ಫೈನಲ್‌ನಲ್ಲಿ ಸೋತಿತು. ಹತ್ತು ಪ್ರಶಸ್ತಿಗಳ ಎದುರು ತೂಗಿದರೂ ನನ್ನ ತಕ್ಕಡಿಯಲ್ಲಿ ಈ ಸೋಲೇ ಭಾರ.

ಗೌರವಿಸುವ ರೀತಿಯ ವಿಚಾರಕ್ಕೆ ಬಂದರೆ, ಅವರಿಗೆ ಸಂದ ಗೌರವಗಳಲ್ಲಿ ನನಗೆ ಮೆಚ್ಚಿಕೆಯಾದದ್ದು ಶ್ವೇತಭವನದ ಪದಕವಲ್ಲ. ಅದೇ 2003ರಲ್ಲಿ ವಿಶ್ವವಿದ್ಯಾಲಯವು ತನ್ನ ಪಾವ್ಲಿ ಕ್ರೀಡಾಂಗಣದ ಅಂಕಣಕ್ಕೆ ‘ನೆಲ್ ಮತ್ತು ಜಾನ್ ವುಡನ್ ಅಂಕಣ’ ಎಂದು ಹೆಸರಿಟ್ಟಿತು. 1985ರಲ್ಲಿ ತೀರಿಕೊಂಡ ಪತ್ನಿಯ ಹೆಸರು ಮೊದಲು, ಅವರದು ಆಮೇಲೆ. ಪತ್ನಿ ತೀರಿಕೊಂಡ ಮೇಲೆ ಪ್ರತಿ ತಿಂಗಳ 21ರಂದು ಆಕೆಗೆ ಪತ್ರ ಬರೆದು ದಿಂಬಿನ ಮೇಲೆ ಇಡುತ್ತಿದ್ದ ಮನುಷ್ಯ ಅವರು. ನಮ್ಮಲ್ಲಿ ಸಾಮಾನ್ಯವಾಗಿ ಮೇಷ್ಟ್ರಿಗೆ ಶಾಲು ಹೊದಿಸಿದ ಮೇಲೆ, ಯಾರೋ ನೆನಪಿಸಿದರೆಂದು ಅವರ ಮನೆಯವರನ್ನು ವೇದಿಕೆಗೆ ಕರೆದು ಒಂದು ಹೂವಿನ ಹಾರ ಕೊಟ್ಟು ಮುಗಿಸುತ್ತೇವೆ. ಸಂಜೆ ಆರಕ್ಕೆ ಹೋದವರು ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತಿದ್ದ ಆ ವರ್ಷಗಳನ್ನು ನಡೆಸಿಕೊಟ್ಟವರ ಹೆಸರು ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಲಿ. ಸಾಧ್ಯವಿದ್ದರೆ ಸಮಾರಂಭವನ್ನು ಕಲ್ಯಾಣಮಂಟಪದಲ್ಲಿ ಮಾಡದೆ ಅವರು ಕಲಿಸಿದ ಅಂಕಣದಲ್ಲೇ ಮಾಡಿ.

ಪ್ರಶ್ನೆ: ಪ್ರತಿಭಾವಂತ ಆಟಗಾರರು ಸಿಕ್ಕರೆ ಯಾರು ತರಬೇತಿ ಕೊಟ್ಟರೂ ತಂಡ ಗೆಲ್ಲುತ್ತದೆ. ಆಟಗಾರರ ಶ್ರೇಯಸ್ಸನ್ನು ಕೋಚ್‌ಗೆ ಕೊಡುವುದು ಸರಿಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಮಾತಿನಲ್ಲಿ ಸತ್ಯವಿದೆ. ವುಡನ್ ಅವರ ಬಳಿ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಇದ್ದರು, ಬಿಲ್ ವಾಲ್ಟನ್ ಇದ್ದರು. ಆಟಗಾರರಿಗೆ ನಿಯಮ ಮೀರಿ ಉಡುಗೊರೆ ಕೊಡುತ್ತಿದ್ದ ಶ್ರೀಮಂತ ಅಭಿಮಾನಿಯೊಬ್ಬರನ್ನು ಅವರು ತಡೆಯಲಿಲ್ಲವೆಂಬ ಆಕ್ಷೇಪವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈ ದೈತ್ಯರು ಬರುವುದಕ್ಕೆ ಮುಂಚೆ, 1964ರಲ್ಲಿ, ಆರಂಭದ ಐವರಲ್ಲಿ ಒಬ್ಬರೂ ಆರಡಿ ಐದು ಅಂಗುಲ ಮೀರದ ತಂಡವೊಂದು ಎದುರಾಳಿಯನ್ನು ಅಂಕಣದ ಉದ್ದಕ್ಕೂ ಅಡ್ಡಗಟ್ಟುವ ಆಟವಾಡಿ 30 ಪಂದ್ಯಗಳಲ್ಲಿ ಮೂವತ್ತನ್ನೂ ಗೆದ್ದಿತ್ತು.

ಅವರ ಕೆಲಸ ಎಂಥದೆಂಬುದು ಋತುವಿನ ಮೊದಲ ದಿನವೇ ಕಾಣುತ್ತಿತ್ತು. ದೇಶದ ಅತ್ಯುತ್ತಮ ಆಟಗಾರರನ್ನು ಕೂರಿಸಿಕೊಂಡು ಅವರು ಮೊದಲು ಹೇಳಿಕೊಡುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು: ಬೆರಳಿನ ಬಳಿಯಿಂದ ಹಿಮ್ಮಡಿಯವರೆಗೆ ಕೈಯಿಂದ ಸವರಿ ಸುಕ್ಕು ತೆಗೆಯಬೇಕು, ಆಮೇಲೆ ಬೂಟಿನ ಲೇಸನ್ನು ಪ್ರತಿ ತೂತಿನಲ್ಲೂ ಬಿಗಿಯಬೇಕು. ಸುಕ್ಕು ಉಳಿದರೆ ಬೊಬ್ಬೆ, ಬೊಬ್ಬೆ ಬಂದರೆ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದವನು ಪಂದ್ಯಕ್ಕಿಲ್ಲ. 1974–75ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸವನ್ನು ಬದಿಯಲ್ಲಿ ಕುಳಿತು ನೋಡಿ, ಅವರು ಆಡಿದ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡರು. ಲೆಕ್ಕಕ್ಕೆ ಸಿಕ್ಕ 2,326 ಬೋಧನೆಗಳಲ್ಲಿ ಹೊಗಳಿಕೆ ಶೇಕಡ 7ರಷ್ಟೂ ಇರಲಿಲ್ಲ, ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಮುಕ್ಕಾಲು ಪಾಲು ಮಾತು ಇದನ್ನು ಹೀಗೆ ಮಾಡು ಎಂಬ ನೇರ ಸೂಚನೆಯಾಗಿತ್ತು. ಆಟಗಾರರಾಗಿ ಹೆಸರು ಮಾಡಿದ್ದರೂ ಅವರು ಮೂಲತಃ ಇಂಗ್ಲಿಷ್ ಮೇಷ್ಟ್ರು. ತಪ್ಪು ತಿದ್ದುವ ಕೈ ಅಂಕಣಕ್ಕೆ ಬಂದ ಮೇಲೂ ಸುಮ್ಮನಿರಲಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ತರಬೇತುದಾರರ ಜೀವಮಾನದ ಸಾಧನೆಗೆ ಸರ್ಕಾರದ ಪ್ರಶಸ್ತಿ ಇದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಇದೆ. 1985ರಲ್ಲಿ ಆರಂಭವಾದ ದ್ರೋಣಾಚಾರ್ಯ ಪ್ರಶಸ್ತಿಯಲ್ಲಿ ಜೀವಮಾನದ ಸಾಧನೆಗೆಂದೇ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ಈಜು ತರಬೇತುದಾರ ನಿಹಾರ್ ಅಮೀನ್ ಅವರಿಗೆ 2015ರಲ್ಲಿ ಅದು ಸಂದಿತು. ಶಿಷ್ಯನ ಹೆಬ್ಬೆರಳು ಕೇಳಿದ ಗುರುವಿನ ಹೆಸರೇ ಏಕೆ ಬೇಕಿತ್ತೋ ಎಂದು ಮಾತ್ರ ನನಗೆ ಪ್ರತಿ ವರ್ಷ ಅನ್ನಿಸುತ್ತದೆ.