ಬ್ರಿಜ್ ಪ್ರಶ್ನೋತ್ತರ: ಒಂದು ಸ್ಪೇಡ್ ಎಂದ ಮೇಲಿನ ಹದಿನೈದು ಖಾನೆಗಳು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕಲಬುರಗಿಯಲ್ಲಿ ನಾನೂ ನಮ್ಮ ಭಾವನವರೂ ಜೊತೆಯಾಗಿ ವಾರಕ್ಕೆ ಮೂರು ಸಂಜೆ ಬ್ರಿಜ್ ಆಡುತ್ತೇವೆ. ಐದು ಎಲೆ ಇದ್ದರೆ ಮಾತ್ರ ಮೇಜರ್ ಸೂಟ್‌ನಲ್ಲಿ, ಅಂದರೆ ಸ್ಪೇಡ್ ಅಥವಾ ಹಾರ್ಟ್‌ನಲ್ಲಿ, ಆರಂಭಿಸುವ ಪದ್ಧತಿ ನಮ್ಮದು. ಅದಕ್ಕೆ ಕೊಡುವ ಉತ್ತರಗಳಿಗೆ ನಾವೇ ಕೃತಕ ಅರ್ಥಗಳನ್ನು ಗೊತ್ತುಮಾಡಿಕೊಂಡಿದ್ದೇವೆ. ಎರಡು ಕ್ಲಬ್ ಎಂದರೆ ಗೇಮ್ (ಸ್ಪೇಡ್, ಹಾರ್ಟ್‌ಗಳಲ್ಲಾದರೆ ನಾಲ್ಕರ ಮಟ್ಟ) ಮುಟ್ಟಲೇಬೇಕಾದ ಯಾವುದೇ ಕೈ. ಎರಡು ನೋ ಟ್ರಂಪ್ (ತುರುಫಿಲ್ಲದ ಆಟದ ಹೆಸರು) ಎಂದರೆ ಜೊತೆಗಾರನ ಸೂಟಿನಲ್ಲಿ ನಾಲ್ಕು ಎಲೆಗಳ ಬೆಂಬಲದೊಂದಿಗೆ ಗೇಮ್ ಬಲ. ಮೂರು ಕ್ಲಬ್ ಎಂದರೆ ನಾಲ್ಕು ಎಲೆಗಳ ಬೆಂಬಲ, 7ರಿಂದ 9 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1). ಮೂರು ಡೈಮಂಡ್ ಎಂದರೆ ಅದೇ ಬೆಂಬಲ, 10ರಿಂದ 12. ಕಳೆದ ವಾರ ನಾನು ಮೂರು ಕ್ಲಬ್ ಎಂದಾಗ ಭಾವನವರು ಮರೆತು ಪಾಸ್ ಮಾಡಿದರು. ಇಬ್ಬರದ್ದೂ ಸೇರಿ ನಮ್ಮಲ್ಲಿದ್ದದ್ದು ಐದೇ ಕ್ಲಬ್ ಎಲೆ. ಇನ್ನೂ ಸಂಕೇತ ಸೇರಿಸಬೇಕೆ, ಇರುವುದನ್ನು ಇಳಿಸಬೇಕೆ? ಈ ವಯಸ್ಸಿನಲ್ಲಿ ಇಷ್ಟೆಲ್ಲ ನೆನಪಿರುವುದು ಸಾಧ್ಯವೆ?

ಉತ್ತರ: ವಯಸ್ಸಿನ ಮಾತನ್ನು ಮೊದಲು ಮುಗಿಸುತ್ತೇನೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದ ಪ್ರಣಬ್ ಬರ್ಧನ್ ಅವರಿಗೆ ಆಗ 60 ವರ್ಷ, ಶಿಬನಾಥ್ ಸರ್ಕಾರ್ ಅವರಿಗೆ 56. ಆದ್ದರಿಂದ ಭಾವನವರ ವಯಸ್ಸನ್ನು ದೂರುವ ಮೊದಲು ನಿಮ್ಮ ಒಪ್ಪಂದದ ಪಟ್ಟಿಯನ್ನೇ ಒಮ್ಮೆ ನೋಡೋಣ.

ಒಂದು ಸ್ಪೇಡ್‌ನಿಂದ ನಾಲ್ಕು ಸ್ಪೇಡ್‌ವರೆಗೆ ಉತ್ತರಿಸುವವನ ಮುಂದಿರುವ ಬಿಡ್‌ಗಳು, ಅಂದರೆ ಕೂಗುಗಳು, ಹದಿನೈದು. ಹಾರ್ಟ್ ಆದರೂ ಲೆಕ್ಕ ಅಷ್ಟೇ. ಒಂದು ಹಾಳೆಯಲ್ಲಿ ಹದಿನೈದು ಖಾನೆ ಎಳೆದು, ಯಾವ ಖಾನೆಯಲ್ಲಿ ಯಾವ ಕೈ ಕೂರುತ್ತದೆ ಎಂದು ಬರೆಯಿರಿ. ಹಾಗೆ ಬರೆದ ಕೂಡಲೇ, ನಾಲ್ಕು ಸ್ಪೇಡ್ ಎಲೆಯೂ 14 ಪಾಯಿಂಟೂ ಇರುವ ಕೈ ಎರಡು ಕ್ಲಬ್‌ನಲ್ಲಿಯೂ ಇದೆ, ಎರಡು ನೋ ಟ್ರಂಪ್‌ನಲ್ಲಿಯೂ ಇದೆ ಎಂಬುದು ಕಾಣುತ್ತದೆ. ಮೂರೇ ಎಲೆಗಳ ಬೆಂಬಲದ, 11 ಪಾಯಿಂಟಿನ ಕೈಗಾದರೋ ನೀವು ಬರೆದ ಪಟ್ಟಿಯಲ್ಲಿ ಎಲ್ಲಿಯೂ ಜಾಗವಿಲ್ಲ, ಮತ್ತು ಅಂಥ ಕೈ ವಾರದಲ್ಲಿ ಹಲವು ಸಲ ಬರುವಂಥದ್ದು. ನಿಮ್ಮ ನಿಜವಾದ ತೊಡಕು ಇದೇ ಎಂಬುದು ನನ್ನ ಅಭಿಪ್ರಾಯ. ಮರೆವು ಅದರ ನಂತರದ್ದು. ತೊಗರಿ ಹೊಲದ ಅಕ್ಕಡಿ ಸಾಲಿನಲ್ಲಿ ಏನು ಬಿತ್ತಿದರೂ ಆ ಸಾಲಿನಷ್ಟು ತೊಗರಿ ಇಲ್ಲವಾಗುವಂತೆ, ಕೃತಕ ಬಿಡ್ ಒಂದೊಂದೂ ಒಂದು ಸಹಜ ಬಿಡ್ಡಿನ ಜಾಗವನ್ನು ತಿನ್ನುತ್ತದೆ.

ಎರಡು ಕ್ಲಬ್ ಅನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಅದನ್ನು ಕ್ಲಬ್ ಎಲೆಗಳಿರುವ, ಗೇಮ್‌ಗೆ ಬದ್ಧವಾದ ಸಹಜ ಬಿಡ್ಡಾಗಿ ಇಟ್ಟುಕೊಳ್ಳಿ. "ಯಾವುದೇ ಕೈ" ಎಂಬ ಬಿಡ್ ಹೇಳುವವನಿಗೆ ಸುಲಭ. ಆದರೆ ಆಮೇಲೆ ಇಬ್ಬರೂ ಒಂದೊಂದೇ ಮೆಟ್ಟಿಲಾಗಿ ಕೇಳುತ್ತ, ಹೇಳುತ್ತ ಹೋಗಲು ಪೂರ್ತಿ ಒಂದು ಏಣಿಯನ್ನೇ ಬಾಯಿಪಾಠ ಮಾಡಿರಬೇಕು, ಮತ್ತು ನೆನಪು ಕೈಕೊಡುವುದು ಆ ಏಣಿಯ ಮೇಲೆಯೇ. ಇನ್ನು ಮೂರೆಲೆ ಬೆಂಬಲದ 10ರಿಂದ 12 ಪಾಯಿಂಟಿನ ಕೈ, ಮೊದಲು ಒಂದು ನೋ ಟ್ರಂಪ್ ಎಂದು ಹೇಳಿ ಮುಂದಿನ ಸುತ್ತಿನಲ್ಲಿ ಮೂರು ಸ್ಪೇಡ್‌ಗೆ ಜಿಗಿಯಲಿ. ಇದಕ್ಕಾಗಿ ಒಂದು ನೋ ಟ್ರಂಪ್ ಅನ್ನು ಆರಂಭಿಸಿದವನು ಪಾಸ್ ಮಾಡಬಾರದೆಂಬ ಒಪ್ಪಂದ ಬೇಕು. ಒಂದು ನೋ ಟ್ರಂಪ್‌ನಲ್ಲಿಯೇ ನಿಂತು ಆಡುವ ಅವಕಾಶ ಹೋಗುತ್ತದೆ, ಅದು ಇದರ ಬೆಲೆ. ಕೊಡಬಹುದಾದ ಬೆಲೆಯೇ.

ಮೂರು ಎಲೆಗೂ ನಾಲ್ಕು ಎಲೆಗೂ ಬೇರೆ ಬೇರೆ ಖಾನೆ ಏಕೆ ಎಂದು ಭಾವನವರು ಕೇಳಬಹುದು. ನಿಮ್ಮಿಬ್ಬರಲ್ಲಿ ಎಂಟು ತುರುಫು ಇದ್ದಾಗ ಎದುರಾಳಿಗಳ ಐದು ಎಲೆಗಳು 3-2 ಆಗಿ ಒಡೆಯುವುದು ನೂರಕ್ಕೆ ಸುಮಾರು 68 ಸಲ. ಒಂಬತ್ತು ಇದ್ದಾಗ ಉಳಿದ ನಾಲ್ಕು ಎಲೆಗಳು 2-2 ಅಥವಾ 3-1 ಆಗಿ ಒಡೆಯುವುದು ನೂರಕ್ಕೆ ಸುಮಾರು 90 ಸಲ. ಆ ಒಂಬತ್ತನೆಯ ಎಲೆಗೆ ಇನ್ನೊಂದು ಕೆಲಸವೂ ಇದೆ. ಎರಡೂ ಪಕ್ಷಗಳು ತಮ್ಮ ತಮ್ಮ ಅತ್ಯುತ್ತಮ ತುರುಫಿನಲ್ಲಿ ಆಡಿದರೆ ಸಿಗುವ ಒಟ್ಟು ಟ್ರಿಕ್‌ಗಳು (ಗೆದ್ದ ಸುತ್ತುಗಳು), ಎರಡೂ ಪಕ್ಷಗಳ ತುರುಫುಗಳ ಒಟ್ಟು ಮೊತ್ತಕ್ಕೆ ಹತ್ತಿರವಿರುತ್ತವೆ ಎಂದು ಫ್ರಾನ್ಸಿನ ಝಾನ್ ರೆನೆ ವೆರ್ನ್ 1960ರ ದಶಕದಲ್ಲಿ ತೋರಿಸಿಕೊಟ್ಟರು. ಒಂಬತ್ತು ತುರುಫಿದ್ದರೆ ಒಂಬತ್ತು ಟ್ರಿಕ್‌ನ ಮಟ್ಟಕ್ಕೆ, ಅಂದರೆ ಮೂರರ ಮಟ್ಟಕ್ಕೆ (ಬಿಡ್ಡಿನ ಅಂಕೆಗೆ ಆರು ಕೂಡಿಸಿದಷ್ಟು ಟ್ರಿಕ್ ಗೆಲ್ಲಬೇಕು), ಪಾಯಿಂಟ್ ಕಡಿಮೆಯಿದ್ದರೂ ಧೈರ್ಯವಾಗಿ ಏರಬಹುದೆಂಬುದು ಇದರಿಂದ ಬಂದ ಪಾಠ. ಅಮೆರಿಕದ ಮಾರ್ಟಿ ಬರ್ಗನ್ ಅವರ ಹೆಸರಿನಲ್ಲಿ ನಡೆಯುವ, ನೀವು ಬಳಸುತ್ತಿರುವ ಮೂರು ಕ್ಲಬ್ ಮತ್ತು ಮೂರು ಡೈಮಂಡ್ ಬಿಡ್‌ಗಳು ನಿಂತಿರುವುದು ಈ ಪಾಠದ ಮೇಲೆಯೇ. ಕಾರಣ ಗೊತ್ತಿರುವ ಬಿಡ್ ಮರೆಯುವುದು ಕಡಿಮೆ. ಭಾವನವರಿಗೆ ಅರ್ಥವನ್ನಷ್ಟೇ ಹೇಳದೆ ಕಾರಣವನ್ನೂ ಹೇಳಿ.

ಇನ್ನು, ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಸಂಕೇತವನ್ನು ಸೇರಿಸಲೇಬೇಕು. ಡೊರೊಥಿ ಹೇಡನ್ ಅವರ ಹೆಸರಿನೊಂದಿಗೆ ಬಂದ ಸ್ಪ್ಲಿಂಟರ್ ಅದು: ಒಂದು ಸ್ಪೇಡ್‌ಗೆ ನಾಲ್ಕು ಡೈಮಂಡ್ ಎಂದು ಜಿಗಿದರೆ ನಾಲ್ಕು ತುರುಫು, ಗೇಮ್ ಬಲ, ಡೈಮಂಡ್‌ನಲ್ಲಿ ಒಂದೇ ಎಲೆ ಅಥವಾ ಸೊನ್ನೆ ಎಂದರ್ಥ. ಇದರ ಗುಣ ಕೈ ಹರಡಿ ನೋಡಿದಾಗಲೇ ತಿಳಿಯುತ್ತದೆ. ಉತ್ತರಿಸುವವನ ಕೈ: ಸ್ಪೇಡ್ ರಾಣಿ, ಗುಲಾಮ, 7, 4, ಹಾರ್ಟ್ ರಾಜ, 7, 4, ಡೈಮಂಡ್ 6 ಒಂಟಿ, ಕ್ಲಬ್ ಎಕ್ಕ, ರಾಣಿ, 9, 6, 3. ಆರಂಭಿಸಿದವನ ಕೈ: ಸ್ಪೇಡ್ ಎಕ್ಕ, ರಾಜ, 8, 5, 2, ಹಾರ್ಟ್ ಎಕ್ಕ, 6, 3, ಡೈಮಂಡ್ 8, 4, 2, ಕ್ಲಬ್ ರಾಜ, 5. ಎರಡೂ ಕೂಡಿದರೆ 26 ಪಾಯಿಂಟ್ ಮಾತ್ರ. ಪಾಯಿಂಟ್ ಎಣಿಸುವವರು ನಾಲ್ಕು ಸ್ಪೇಡ್‌ನಲ್ಲಿ ನಿಲ್ಲುತ್ತಾರೆ. ಟ್ರಿಕ್ ಎಣಿಸಿ ನೋಡಿ: ಕೈಯ ತುರುಫು ಐದು, ಎದುರಿನ ಕೈಯಲ್ಲಿ ಡೈಮಂಡ್‌ಗೆ ತುರುಫು ಹೊಡೆದು ಎರಡು, ಹಾರ್ಟ್ ಎರಡು, ಕ್ಲಬ್ ಮೂರು, ಒಟ್ಟು ಹನ್ನೆರಡು. ಮೂರನೆಯ ಹಾರ್ಟ್ ಎಲೆ ಕ್ಲಬ್ ರಾಣಿಯ ಮೇಲೆ ಹೋಗುತ್ತದೆ. ಸೋಲುವುದು ಒಂದು ಡೈಮಂಡ್ ಮಾತ್ರ. ಈಗ ಕ್ಲಬ್ ರಾಜನನ್ನು ತೆಗೆದು ಡೈಮಂಡ್ ರಾಜನನ್ನಿಡಿ, ಅಂದರೆ ಡೈಮಂಡ್ ರಾಜ, 8, 4 ಮತ್ತು ಕ್ಲಬ್ 5, 2. ಪಾಯಿಂಟ್ ಅವೇ 26. ಆದರೆ ಆ ರಾಜ ಒಂಟಿ ಎಲೆಯ ಎದುರು ಕುಳಿತು ಹೆಚ್ಚೇನೂ ಕೆಲಸ ಮಾಡದೆ, ಹನ್ನೆರಡನೆಯ ಟ್ರಿಕ್ ಈಗ ಕ್ಲಬ್ ರಾಜ ಎದುರಾಳಿಗಳಲ್ಲಿ ಯಾವ ಕಡೆ ಇದ್ದಾನೆ ಎಂಬುದಕ್ಕೆ ಜೋತುಬೀಳುತ್ತದೆ. ನಾಲ್ಕು ಡೈಮಂಡ್ ಎಂಬ ಒಂದೇ ಮಾತು ಆರಂಭಿಸಿದವನಿಗೆ ಈ ಎರಡು ಕೈಗಳ ವ್ಯತ್ಯಾಸವನ್ನು ಹೇಳಿಬಿಡುತ್ತದೆ.

ಎರಡು ನೋ ಟ್ರಂಪ್, ಅಂದರೆ ಆಸ್ವಾಲ್ಡ್ ಜಾಕೋಬಿ ಅವರ ಹೆಸರಿನ ಬಿಡ್, ಸ್ಪ್ಲಿಂಟರ್‌ಗೆ ಹೊಂದದ ಕೈಗಳಿಗೆ ಇರಲಿ. ಅದರ ಮುಂದೆ ಆರಂಭಿಸಿದವನು ಮೂರರ ಮಟ್ಟದಲ್ಲಿ ಹೊಸ ಸೂಟ್ ಹೇಳಿದರೆ ಅದು ತನ್ನ ಒಂಟಿ ಎಲೆ ಅಥವಾ ಸೊನ್ನೆ. ತುರುಫನ್ನೇ ಮೂರರಲ್ಲಿ ಹೇಳಿದರೆ ಹೆಚ್ಚಿನ ಬಲ. ನೇರ ನಾಲ್ಕಕ್ಕೆ ಹೋದರೆ ಕನಿಷ್ಠ ಬಲ. ಇನ್ನೂ ಚತುರವಾದ ಏರ್ಪಾಟುಗಳಿವೆ, ಆದರೆ ನಿಮಗೆ ಬೇಡವೆನ್ನುತ್ತೇನೆ: ಎರಡು ನೋ ಟ್ರಂಪ್ ಆದ ಮೇಲೆ ಗೇಮ್‌ವರೆಗೆ ಸ್ಪೇಡ್‌ನಲ್ಲಿ ಒಂಬತ್ತು ಮೆಟ್ಟಿಲು, ಹಾರ್ಟ್‌ನಲ್ಲಿ ಎಂಟೇ. ಮೆಟ್ಟಿಲೆಣಿಕೆಯ ಪದ್ಧತಿ ಕಟ್ಟಿದವರು ಎರಡಕ್ಕೂ ಬೇರೆ ಬೇರೆ ಕೋಷ್ಟಕ ನೆನಪಿಡಬೇಕಾಗುತ್ತದೆ. ಆ ಸೂಟನ್ನೇ ಹೇಳಿ ಅದರಲ್ಲಿ ಎಲೆ ಕಡಿಮೆ ಎಂದು ತೋರಿಸುವ ಪದ್ಧತಿಗೆ ಆ ಕಾಟವಿಲ್ಲ.

ಎದುರಾಳಿ ನಡುವೆ ಬಾಯಿ ಹಾಕಿದರೆ ಏನು ಎಂಬುದನ್ನು ಬಹಳ ಜೋಡಿಗಳು ಬರೆದಿಟ್ಟುಕೊಂಡಿರುವುದಿಲ್ಲ, ನೀವೂ ಬರೆದಿಲ್ಲ. ಎದುರಾಳಿ ಸೂಟ್ ಹೇಳಿದರೆ ಮೇಲಿನ ಎಲ್ಲ ಸಂಕೇತಗಳೂ ರದ್ದು, ಅವರ ಸೂಟನ್ನೇ ನಾವು ಹೇಳುವುದು 10ಕ್ಕೆ ಮೇಲ್ಪಟ್ಟ ಬೆಂಬಲ. ಡಬಲ್ ಹೇಳಿದರೆ ಎರಡು ನೋ ಟ್ರಂಪ್ ಎಂಬುದು ನಾಲ್ಕು ಎಲೆಯೊಂದಿಗೆ 10ಕ್ಕೆ ಮೇಲ್ಪಟ್ಟ ಕೈ. ಈ ಎರಡು ಸಾಲು ಸಾಕು.

ಪ್ರಶ್ನೆ: ನಾನು ಮೊದಲು ಪಾಸ್ ಮಾಡಿದ ಮೇಲೆ, ಮೂರನೆಯ ಸರದಿಯಲ್ಲಿ ನನ್ನ ಜೊತೆಗಾರರು 9-10 ಪಾಯಿಂಟಿಗೇ ಒಂದು ಸ್ಪೇಡ್ ಎನ್ನುತ್ತಾರೆ. ನಾನು ನಂಬಿ ಮೂರಕ್ಕೆ ಏರಿಸಿ ಸೋಲುತ್ತೇನೆ. ಅವರನ್ನು ತಡೆಯುವುದು ಹೇಗೆ? (ಬೀದರ್‌ನಿಂದ)

ಉತ್ತರ: ತಡೆಯಬೇಡಿ, ಮೂರನೆಯ ಸರದಿಯಲ್ಲಿ ಅದು ಒಳ್ಳೆಯ ಆಟವೇ. ನಿಮ್ಮದೇ ಕಷ್ಟ ಕೆನಡಾದ ಡಗ್ಲಸ್ ಡ್ರೂರಿ ಅವರಿಗೂ ಇತ್ತು; ಅವರ ಜೊತೆಗಾರ ಎರಿಕ್ ಮರ್ರೆ ಹೀಗೆಯೇ ಹಗುರ ಕೈಗಳಿಂದ ಆರಂಭಿಸುತ್ತಿದ್ದರು. ಡ್ರೂರಿ ಕಂಡುಕೊಂಡ ದಾರಿ ಎರಡು ಕ್ಲಬ್: ನನ್ನಲ್ಲಿ ಬೆಂಬಲವಿದೆ, 10ಕ್ಕೆ ಮೇಲೆ ಪಾಯಿಂಟ್ ಇದೆ, ನೀವು ನಿಜವಾಗಿಯೂ ಆರಂಭಿಸಿದಿರಾ ಎಂಬ ಪ್ರಶ್ನೆ. ಈಗಿನ ರೂಢಿಯಲ್ಲಿ ಅದಕ್ಕೆ ಜೊತೆಗಾರರು ಎರಡು ಸ್ಪೇಡ್ ಎಂದರೆ ಇಲ್ಲ ಎಂದರ್ಥ, ಅಲ್ಲಿಗೇ ನಿಲ್ಲಿ. ಮೊದಲೇ ಪಾಸ್ ಮಾಡಿದ ಕೈಯಲ್ಲಿ ಗೇಮ್‌ಗೆ ಒತ್ತಾಯಿಸುವ ಬಲ ಇರುವುದಿಲ್ಲವಾದ್ದರಿಂದ ಎರಡು ಕ್ಲಬ್ ಹೇಗೂ ಬಿಡುವಾಗಿರುವ ಖಾನೆ. ಸಹಜವಾದ ಎರಡು ಕ್ಲಬ್ ಅನ್ನು ಕಳೆದುಕೊಳ್ಳುವ, ಕಲಬುರಗಿಯ ಓದುಗರು ತೆರಬೇಕಾದ ಬೆಲೆ ನಿಮಗಿಲ್ಲ.

ಪ್ರಶ್ನೆ: ನಾವು ಮನೆಯಲ್ಲಿ ಕುಳಿತು ಕಟ್ಟಿಕೊಂಡ ಒಪ್ಪಂದವನ್ನು ಎದುರಾಳಿಗಳಿಗೆ ಹೇಳಲೇಬೇಕೆ? ಶ್ರಮ ನಮ್ಮದಲ್ಲವೆ? (ಯಾದಗಿರಿಯಿಂದ)

ಉತ್ತರ: ಹೇಳಲೇಬೇಕು. ಮನೆಯ ಇಸ್ಪೀಟಿನಲ್ಲಿ ಕಣ್ಸನ್ನೆಯೂ ಆಟದ ಅರ್ಧ ಸ್ವಾರಸ್ಯವಿರಬಹುದು. ಬ್ರಿಜ್‌ನ ನಿಯಮದಲ್ಲಿ ಗುಟ್ಟಿನ ಒಪ್ಪಂದ ಮೋಸವೆಂದೇ ಲೆಕ್ಕ. ಜೊತೆಗಾರ ಕೃತಕ ಬಿಡ್ ಹೇಳಿದಾಗ, ಎದುರಾಳಿಗಳನ್ನು ಎಚ್ಚರಿಸುವ ಅಲರ್ಟ್ ಕಾರ್ಡ್ ತೋರಿಸಬೇಕಾದವರು ನೀವು, ಬಿಡ್ ಹೇಳಿದವರಲ್ಲ. ಕೇಳಿದರೆ "ಜಾಕೋಬಿ" ಎಂದು ಹೆಸರು ಹೇಳಿ ಕೈತೊಳೆದುಕೊಳ್ಳಬೇಡಿ. "ನಾಲ್ಕು ಅಥವಾ ಹೆಚ್ಚು ಸ್ಪೇಡ್, ಗೇಮ್‌ಗೆ ಬದ್ಧ, ಒಂಟಿ ಎಲೆ ಇಲ್ಲದಿರುವುದೇ ಹೆಚ್ಚು" ಎಂದು ನಿಮಗೆ ಗೊತ್ತಿರುವಷ್ಟನ್ನೂ ಬಿಡಿಸಿ ಹೇಳಿ.