ಮೆಟಾ ಟ್ಯಾಗ್ ಇದ್ದರೂ ಕನ್ನಡ ಕೆಡುವುದೇಕೆ?

ಮಂಡ್ಯದ ಬೆಲ್ಲದ ಅಂಗಡಿಗೆ ನೀವು ಮಾಡಿದ ಜಾಲಪುಟದಲ್ಲಿ ಚಾರ್‌ಸೆಟ್ ಮೆಟಾ ಟ್ಯಾಗ್ (ಅಕ್ಷರಗಳನ್ನು ಯಾವ ಸಂಕೇತಪದ್ಧತಿಯಲ್ಲಿ ಓದಬೇಕೆಂದು ಬ್ರೌಸರ್‌ಗೆ ಹೇಳುವ ಸಾಲು) ಇದ್ದರೂ ‘ಅಚ್ಚು ಬೆಲ್ಲ’ ಎಂಬುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತಿದೆ ಎಂದಿದ್ದೀರಿ. ಟ್ಯಾಗ್ ಎಲ್ಲಿದೆ ನೋಡಿ. ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನದಂಡದಂತೆ ಅದು ಕಡತದ ಮೊದಲ 1024 ಬೈಟ್‌ಗಳೊಳಗೆ ಇರಬೇಕು. ಅದರಾಚೆ ಇದ್ದರೆ ಬ್ರೌಸರ್ ಗಮನಿಸುತ್ತದೆಂಬ ಭರವಸೆಯಿಲ್ಲ. ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಬೆಲ್ಲ’ ಎಂಬ ಎರಡಕ್ಷರದಲ್ಲಿ ಬ, ಎತ್ವ, ಲ, ವಿರಾಮ, ಲ ಎಂದು ಐದು ಸಂಕೇತಗಳಿರುವುದರಿಂದ ಅದೇ 15 ಬೈಟ್ ನುಂಗುತ್ತದೆ! ಉದ್ದುದ್ದ ಶೀರ್ಷಿಕೆ, ವಿವರಣೆ ಮುಂದೆ ಕುಳಿತರೆ ಪಾಪ, ಚಾರ್‌ಸೆಟ್ ಗಡಿ ದಾಟಿಬಿಡುತ್ತದೆ. ಹೆಡ್ ಟ್ಯಾಗ್ (ಕಡತದ ಆರಂಭದಲ್ಲಿ ಶೀರ್ಷಿಕೆ, ವಿವರಣೆಗಳಿರುವ ಭಾಗ) ತೆರೆದ ಕೂಡಲೇ ಅದನ್ನು ಬರೆಯಿರಿ.

ಆಗಲೂ ಸರಿಹೋಗದಿದ್ದರೆ ಸರ್ವರ್ ಪುಟದ ಜೊತೆ ಕಳುಹಿಸುವ ಹೆಡರ್ (ಪುಟವನ್ನು ಹೇಗೆ ಓದಬೇಕೆಂಬ ಸೂಚನೆ) ಪರೀಕ್ಷಿಸಿ. ಅದರಲ್ಲಿ ಬೇರೆ ಚಾರ್‌ಸೆಟ್ ಇದ್ದರೆ ಬ್ರೌಸರ್ ಕೇಳುವುದು ಅದರ ಮಾತನ್ನೇ, ಮೆಟಾ ಟ್ಯಾಗಿನದನ್ನಲ್ಲ.