ಪಿಟೀಲು ಬಿಟ್ಟರೆ ಯಾವುದು?

ಪ್ರಶ್ನೆ: ನೀವು ಪಿಟೀಲು ನುಡಿಸುವವರು. ಅದು ಬಿಟ್ಟು ನಿಮಗೆ ತುಂಬಾ ಇಷ್ಟವಾದ ವಾದ್ಯ ಯಾವುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಂಬೂರಿ. ವೀಣೆಯೋ ಕೊಳಲೋ ಹೇಳುತ್ತೇನೆ ಅಂದುಕೊಂಡಿದ್ದಿರಿ, ಅಲ್ವಾ?

ಇರುವುದು ನಾಲ್ಕೇ ತಂತಿ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಸ್ವರ ಒತ್ತುವಂತಿಲ್ಲ, ಸುಮ್ನೆ ಮೀಟುತ್ತಾ ಕೂರಬೇಕು. ಚಿಕ್ಕವಳಿದ್ದಾಗ ಮೇಷ್ಟ್ರು ಪಾಠಕ್ಕೆ ಮುಂಚೆ ಅರ್ಧ ಗಂಟೆ ಅದನ್ನೇ ಮಾಡಿಸುತ್ತಿದ್ದರು. ಆಗ ಬೇಜಾರು. ಈಗ ಆ ಅರ್ಧ ಗಂಟೆಯೇ ನನ್ನ ಕಿವಿ ತಿದ್ದಿತು ಅನ್ನಿಸುತ್ತದೆ.

ನನ್ನನ್ನು ಗೆದ್ದದ್ದು ಅದರ 'ಜೀವ'. ತಂತಿಗಳು ಹಾದುಹೋಗುವ ಪಟ್ಟಿಗೆ ಕುದುರೆ (ಬ್ರಿಡ್ಜ್) ಅನ್ನುತ್ತಾರೆ. ಅದರ ಮೇಲೆ, ತಂತಿಯ ಕೆಳಗೆ ಒಂದು ತುಂಡು ಹತ್ತಿ ದಾರ ಇಡುತ್ತೇವೆ. ಅದರ ಹೆಸರೇ ಜೀವ. ಬೆರಳ ತುದಿಯಲ್ಲಿ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಅಲ್ಲಿಯವರೆಗೆ 'ಟಣ್' ಅಂತಿದ್ದ ತಂತಿ ಸರಿಯಾದ ಜಾಗ ಸಿಕ್ಕ ಕೂಡಲೇ 'ಝೊಂಯ್' ಅಂತ ಕೋಣೆ ತುಂಬುತ್ತದೆ. ಚೆನ್ನಾಗಿ ಶ್ರುತಿಯಾದರೆ ಮಂದ್ರದ ತಂತಿಯೊಳಗೆ ಅಂತರ ಗಾಂಧಾರ ಕೇಳುತ್ತದೆ. ಯಾರೂ ನುಡಿಸದ ಸ್ವರ! ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕಛೇರಿಗಳಲ್ಲಿ ಈಗ ಎಲೆಕ್ಟ್ರಾನಿಕ್ ತಂಬೂರಿಯೇ ಜಾಸ್ತಿ. ಹಲಸಿನ ಮರದ ಆ ದೊಡ್ಡ ಬುರುಡೆಯನ್ನು ರೈಲಿನಲ್ಲಿ ಸಾಗಿಸುವ ಕಷ್ಟ ನನಗೂ ಗೊತ್ತು. ಆದರೆ ಮನೆಯಲ್ಲಿ ಸಾಧನೆಗೆ ನನಗೆ ಮರದ್ದೇ ಬೇಕು.

ನಿಮ್ಮ ಮನೆಯ ಮೂಲೆಯಲ್ಲೂ ಹಳೆಯದೊಂದು ಇದ್ದರೆ, ದಾರ ಹೊಸದು ಹಾಕಿ ಮೀಟಿ ನೋಡಿ.